ಎರಡೂಕಾಲು ಇಂಚಿನ ಕೆಲಸ

ಹಳೆಯ ಪೋರ್ಷೆ 911 ಕಾರು ಕಣ್ಣಿಗೆ ಬಿದ್ದರೆ, ಅದರ ಮರ್ಮ ಬಲ್ಲವರು ಎಂಜಿನ್ ನೋಡುವ ಮೊದಲು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಚಕ್ರಕ್ಕೆ ಸ್ವಲ್ಪ ಮುಂದೆ, ಬಾಡಿಯ ಕೆಳಭಾಗದಲ್ಲಿ ಒಂದು ದುಂಡು ಮುಚ್ಚಳವಿದೆ. ಅದರ ಹಿಂದಿರುವುದು ಟಾರ್ಷನ್ ಬಾರ್: ಸ್ಪ್ರಿಂಗಿನ ಬದಲು ತಾನೇ ತಿರುಚಿಕೊಂಡು ಭಾರ ತಡೆಯುವ ಉಕ್ಕಿನ ಸರಳು. ಮುಚ್ಚಳ ಚಕ್ರದ ಕಮಾನಿಗೆ ಅಂಟಿಕೊಂಡಂತಿದ್ದರೆ ಅದು 1968ರ ಬೇಸಿಗೆಯವರೆಗಿನ ಕಾರು. ನಡುವೆ ಧಾರಾಳ ಜಾಗವಿದ್ದರೆ ಆಮೇಲಿನದು, ಇಲ್ಲವೇ ಯಾರೋ ಕತ್ತರಿಸಿ, ಬೆಸೆದು ಉದ್ದ ಮಾಡಿದ್ದು.

ಉದ್ದವಾಗುವುದು ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಅಳತೆ. ಮೊದಲು 2,211 ಮಿಲಿಮೀಟರ್ ಇದ್ದದ್ದು ನಂತರ 2,268 ಆಯಿತು. ಹೆಚ್ಚಿದ್ದು 57 ಮಿಲಿಮೀಟರ್, ಎರಡೂಕಾಲು ಇಂಚು.

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಜುಫೆನ್‌ಹೌಸನ್ನಿನಲ್ಲಿ ಹುಟ್ಟಿದ ಈ ಕಾರು 1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೇಳಕ್ಕೆ ಬಂದಾಗ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿ ಹೆಸರು ತಮ್ಮದೆಂದು ಪ್ಯೂಜೊ ಕಂಪನಿ ತಕರಾರು ತೆಗೆದ ಮೇಲೆ 911 ಆಯಿತು. ಎರಡು ಲೀಟರಿನ, ಗಾಳಿಯಿಂದಲೇ ತಣ್ಣಗಾಗುವ, ಆರು ಸಿಲಿಂಡರಿನ, 130 ಅಶ್ವಶಕ್ತಿಯ ಎಂಜಿನ್. ಅದು ಕೂತಿದ್ದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಹಿಂಭಾರವಾದ ಎತ್ತಿನಗಾಡಿಯಲ್ಲಿ ನೊಗ ಮೇಲೇಳುವ ಹಾಗೆ ಇಲ್ಲಿ ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತಿತ್ತು. ವೇಗವಾಗಿ ತಿರುವಿಗೆ ಹೋಗಿ, ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಹೊರಕ್ಕೆ ಬೀಸಿ ಕಾರು ಗಿರಕಿ ಹೊಡೆಯುತ್ತಿತ್ತು.

ಇದಕ್ಕೆ ಕಂಪನಿ ಮೊದಲು ಹುಡುಕಿದ ಪರಿಹಾರವೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು. ಮುಂದಿನ ಬಂಪರಿನ ಎರಡು ತುದಿಗಳ ಒಳಗೆ ಎರಕದ ಕಬ್ಬಿಣದ ಗಟ್ಟಿಗಳನ್ನು ಕೂರಿಸಿದರು. ಒಂದೊಂದು ಸುಮಾರು 11 ಕಿಲೋ. ಒಂದೊಂದು ಗ್ರಾಂ ಇಳಿಸಲು ಒದ್ದಾಡುವ ಸ್ಪೋರ್ಟ್ಸ್ ಕಾರಿನಲ್ಲಿ 22 ಕಿಲೋ ಕಬ್ಬಿಣ! ಇದನ್ನು ತೇಪೆ ಎಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಭಾರವನ್ನು ಕಾರಿನ ನಡುವಿಗೆ ಹತ್ತಿರ ಇಟ್ಟಿದ್ದರೆ ಇದರ ಎರಡರಷ್ಟು ಬೇಕಾಗುತ್ತಿತ್ತೇನೋ. ಮುಂದಿನ ಆಕ್ಸಲ್ ದಾಟಿ ತೀರಾ ತುದಿಗೆ ಇಟ್ಟಿದ್ದರಿಂದ ಸನ್ನೆಗೋಲಿನ ಬಲ ಸಿಕ್ಕಿತು, ಕಾರು ಥಟ್ಟನೆ ತಿರುಗುವುದೂ ತುಸು ನಿಧಾನವಾಯಿತು. ರಸ್ತೆಗಿಳಿದ ಕಾರಿನ ದೋಷವನ್ನು ಒಪ್ಪಿಕೊಂಡು, ಇದ್ದುದರಲ್ಲೇ ಮಾಡಿದ ಪ್ರಾಮಾಣಿಕ ರಿಪೇರಿ ಅದು.

ನಿಜವಾದ ಪರಿಹಾರ ಬಂದದ್ದು 1968ರ ಆಗಸ್ಟಿನಲ್ಲಿ, 1969ರ ಮಾಡೆಲ್ ಜೊತೆಗೆ. ಎಂಜಿನ್ ಇದ್ದಲ್ಲೇ ಇತ್ತು; ಹಿಂದಿನ ಚಕ್ರಗಳೇ ಅದರ ಕಡೆಗೆ ಸರಿದವು. ಹಿಂದಿನ ಸಸ್ಪೆನ್ಷನ್ ತೋಳುಗಳನ್ನು ಉದ್ದ ಮಾಡಿದರು. ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟುಗಳು ಈಗ ಓರೆಯಾಗಿ ಹಿಂದಕ್ಕೆ ಚಾಚಬೇಕಾದ್ದರಿಂದ ಅವುಗಳ ಜಾಯಿಂಟುಗಳನ್ನೂ ಬದಲಿಸಿದರು. ಒಂದು ಬ್ಯಾಟರಿಯ ಜಾಗದಲ್ಲಿ ಎರಡು ಚಿಕ್ಕವು ಬಂದು ಮುಂಭಾಗದ ಎರಡು ಮೂಲೆಗಳಲ್ಲಿ ಕೂತವು. ಎಂಜಿನ್ನಿನ ಹೊರಕವಚ ಅಲ್ಯೂಮಿನಿಯಂ ಬಿಟ್ಟು ಹಗುರವಾದ ಮೆಗ್ನೀಸಿಯಂ ಆಯಿತು. ಕಾರಿನ ಒಟ್ಟು ಉದ್ದ ಮಾತ್ರ ಬದಲಾಗಲಿಲ್ಲ. ಬಂಪರಿನ ಕಬ್ಬಿಣಕ್ಕೆ ಕೆಲಸವಿಲ್ಲದಾಯಿತು.

ಆಗ ಗಿಡ್ಡ ಕಾರಿನವರಿಗೆ ಆಸೆ ಹುಟ್ಟದಿರುತ್ತದೆಯೇ? ಉದ್ದದ ತೋಳು ಹಾಕಿದರೆ ಚಕ್ರವೇನೋ ಹಿಂದೆ ಹೋಗುತ್ತದೆ, ಕಮಾನು ಅಲ್ಲೇ ಉಳಿಯುತ್ತದೆ, ಟೈರು ಅದರ ಅಂಚಿಗೆ ತಾಗುತ್ತದೆ. ಹಾಗಾಗಿ ತಗಡು ಕತ್ತರಿಸಲೇಬೇಕು. ಲಾರಿಯಂತೆ ಬೇರೆ ಚಾಸಿಸ್ ಈ ಕಾರಿಗಿಲ್ಲ, ಬಾಡಿಯೇ ಚಾಸಿಸ್. ಕತ್ತರಿಸುವ ಮೊದಲು ಅದನ್ನು ಜಿಗ್ ಎಂಬ ಗಟ್ಟಿ ಚೌಕಟ್ಟಿನ ಮೇಲೆ ಬಿಗಿದು, ಬಾಗಿಲಿನ ಚೌಕಟ್ಟಿಗೆ ಅಡ್ಡಪಟ್ಟಿ ಕೊಟ್ಟು, ಕರ್ಣದ ಅಳತೆಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಕೊರೆದು ಹೊರಗಿನ ತಗಡು ಬಿಡಿಸಿ, ಒಳಗಿನ ಚಕ್ರದ ಗೂಡನ್ನೂ ಹಿಂದಕ್ಕೆ ಸರಿಸುತ್ತಾರೆ. ಎರಡು ಬದಿ ಸಮನಾಗದಿದ್ದರೆ ಕಾರು ಜೀವನಪೂರ್ತಿ ಒಂದು ಕಡೆಗೆ ಎಳೆಯುತ್ತದೆ.

ಕೊನೆಯ ಹಂತ ಸೀಸದ್ದು. ಇಂದು ಪುಟ್ಟಿ ಬಳಿಯುವ ಜಾಗಕ್ಕೆ ಹಳಬರು ಸೀಸ-ತವರದ ಕಡ್ಡಿಯನ್ನು ಮೆದು ಉರಿಯಲ್ಲಿ ಬೆಣ್ಣೆಯ ಹದಕ್ಕೆ ತಂದು, ಮೇಣ ಸವರಿದ ಮರದ ಪಟ್ಟಿಯಿಂದ ಬೆಸುಗೆಯ ಮೇಲೆ ಒತ್ತಿ ಹರಡುತ್ತಿದ್ದರು. ಉರಿ ತುಸು ಹೆಚ್ಚಾದರೆ ಸೀಸ ನೆಲಕ್ಕೆ ಸುರಿಯುತ್ತದೆ, ಕಡಿಮೆಯಾದರೆ ಹಿಡಿಯುವುದೇ ಇಲ್ಲ. ಈ ಕೆಲಸ ಬಲ್ಲ ಕೈಗಳು ಎಲ್ಲೆಡೆ ಕಡಿಮೆಯಾಗುತ್ತಿವೆ.

ಇಷ್ಟು ಕಷ್ಟಪಟ್ಟವರಲ್ಲಿ ಬಹಳ ಮಂದಿಯನ್ನು ಆ ಕೆಲಸಕ್ಕೆ ತಳ್ಳಿದ್ದು ತುಕ್ಕು. ತುಕ್ಕು ತಡೆಯುವ, ಪೂರ್ತಿ ಸತುವಿನ ಲೇಪದ ಬಾಡಿ ಬಂದದ್ದು 1976ರ ಮಾಡೆಲಿಗೆ. ಉದ್ದದ ಕಾರು ಹೆಚ್ಚುಕಮ್ಮಿ ಅದೇ ಅಳತೆಯಲ್ಲಿ 1989ರವರೆಗೂ ತಯಾರಾದದ್ದರಿಂದ ಅದರ ಬಿಡಿಭಾಗ ಸಿಗುವುದು ಸುಲಭವಾಗಿತ್ತು. ಹೇಗೂ ಕತ್ತರಿಸಬೇಕು, ಉದ್ದದ್ದೇ ಇರಲಿ ಎಂಬ ಲೆಕ್ಕ.

ಈಗ ಲೆಕ್ಕ ತಿರುಗಿದೆ, ಗಿಡ್ಡದ್ದು ಗಿಡ್ಡವಾಗಿಯೇ ಇರಲಿ ಎನ್ನುತ್ತಾರೆ. ವಿಕ್ ಎಲ್ಫೋರ್ಡ್ 1968ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದದ್ದು ಆ ಬಾಲ ಬೀಸುವ ಗಿಡ್ಡ ಕಾರಿನಲ್ಲೇ. ಪಳಗಿದವರಿಗೆ ಅದರ ದೋಷವೇ ಆಯುಧ. ಜರ್ಮನಿಯ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ 2014ರಲ್ಲಿ ಸಿಕ್ಕ, ಮುಂದಿನ ಮಡ್‌ಗಾರ್ಡುಗಳೇ ಇಲ್ಲದ, ತುಕ್ಕು ತಿಂದ, ತಯಾರಿಕೆಯ ಸರಣಿಯಲ್ಲಿ 57ನೇ ನಂಬರಿನ ಕಾರನ್ನು ಪೋರ್ಷೆ ಮ್ಯೂಸಿಯಂ ಕೊಂಡುಕೊಂಡಿತು. ಅದೇ ಕಾಲದ ಇನ್ನೊಂದು ಬಾಡಿಯಿಂದ ತಗಡು ತೆಗೆದು ಮೂರು ವರ್ಷ ದುರಸ್ತಿ ಮಾಡಿ, 2017ರ ಡಿಸೆಂಬರಿನಲ್ಲಿ ಪ್ರದರ್ಶನಕ್ಕಿಟ್ಟಿತು. ಗಿಡ್ಡವಾಗಿಯೇ. ಒಳ್ಳೆಯ ಮನಸ್ಸಿನಿಂದಲೇ ಉದ್ದವಾದ ಎಷ್ಟೋ ಕಾರುಗಳನ್ನು ನೆನೆದರೆ ಹೊಟ್ಟೆ ಚುರುಕ್ ಎನ್ನುತ್ತದೆ. ಕತ್ತರಿಸಿದ ತಗಡನ್ನು ಗುಜರಿಯಿಂದ ವಾಪಸ್ ತರಲಾಗದು.

ನಮ್ಮಲ್ಲೂ ಮೂಲರೂಪ ಉಳಿಸುವುದು ಈಗ ಕಾನೂನಿನ ಮಾತು. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರ್ ಸಿಗಬೇಕಾದರೆ ಅದರ ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ನಿಮ್ಮ ಮನೆಯ ಶೆಡ್ಡಿನಲ್ಲಿ ಅಜ್ಜನ ಕಾಲದ ಫಿಯೆಟ್ಟೋ ಅಂಬಾಸಿಡರೋ ನಿಂತಿದ್ದರೆ, ಕತ್ತರಿಸುವ ಮುಂಚೆ ಊರಿನ ಹಳೆಯ ಟಿಂಕರಿಂಗ್ ಕೆಲಸದವರನ್ನು ಕರೆದು ತೋರಿಸಿ. ಇದ್ದ ತಗಡನ್ನೇ ಉಳಿಸಬಲ್ಲವರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ.