16 ತಿಂಗಳಲ್ಲಿ ನರ್ಸ್

ಅಮೆರಿಕದಲ್ಲಿರುವ ಮಗಳೋ ಸೊಸೆಯೋ ಫೋನು ಮಾಡಿ, "ಈಗಿನ ಕೆಲಸ ಬಿಡ್ತೀನಿ, ನರ್ಸಿಂಗ್ ಓದ್ತೀನಿ, ಒಂದೂವರೆ ವರ್ಷದೊಳಗೆ ಡಿಗ್ರಿ ಮುಗಿಯುತ್ತೆ" ಎಂದರೆ ಇಲ್ಲಿರುವ ಅಜ್ಜ-ಅಜ್ಜಿಯರಿಗೆ ಎರಡು ಅನುಮಾನ ಒಟ್ಟಿಗೇ ಬರುತ್ತವೆ. ನಾಲ್ಕು ವರ್ಷದ ಓದು ಒಂದೂವರೆ ವರ್ಷದಲ್ಲಿ ಮುಗಿಯುವುದಾದರೆ ಅದೇನು ದುಡ್ಡು ಕೊಟ್ಟು ಕೊಳ್ಳುವ ಸರ್ಟಿಫಿಕೇಟೇ ಎಂಬುದು ಒಂದು. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಇಂಜಿನಿಯರಿಂಗ್ ಓದಿಸಿದ್ದು ಇದಕ್ಕಾ?

ನನ್ನ ತಂಗಿಯ ಮನೆಯಲ್ಲಿ ಎರಡೂ ಎದ್ದಿದ್ದವು. ಅವಳ ಮಗಳು ಮೈಸೂರಿನಲ್ಲಿ ಬಿ.ಇ. ಮಾಡಿ, ಮದುವೆಯಾಗಿ ಓಹಾಯೋ ರಾಜ್ಯಕ್ಕೆ ಹೋಗಿ, 11 ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವಳು. ಎರಡನೆಯ ಮಗು ದಿನ ತುಂಬುವ ಮೊದಲೇ ಹುಟ್ಟಿ 19 ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಂಗೈಯಷ್ಟಿದ್ದ ಆ ಕೂಸನ್ನು ಎದೆಗೆ ಒತ್ತಿ ಹಿಡಿಯುವುದು ಹೇಗೆಂದು ಕಲಿಸಿದವಳು ಒಬ್ಬ ರಾತ್ರಿ ಪಾಳಿಯ ನರ್ಸ್. ಆಗಲೇ ತಲೆಗೆ ಹೊಕ್ಕಿತಂತೆ. ಮಗುವಿಗೆ ಐದು ತುಂಬಿದ ಮೇಲೆ ನನಗೆ ಫೋನು ಮಾಡಿ, "ಮಾವಾ, ಅಮ್ಮನಿಗೆ ನೀವೇ ಹೇಳಿ" ಎಂದಳು. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನು ನಾನು. ಲೆಕ್ಕ ನೋಡದೆ ಶಿಫಾರಸು ಮಾಡುವ ಅಭ್ಯಾಸವಿಲ್ಲ. ಹಾಗಾಗಿ ಈ ಕೋರ್ಸಿನ ಲೆಕ್ಕ ಬಿಡಿಸಿದೆ.

ಮೊದಲು ವೇಗದ ಗುಟ್ಟು. ಅಮೆರಿಕದ ನಾಲ್ಕು ವರ್ಷದ ನರ್ಸಿಂಗ್ ಪದವಿಯಲ್ಲಿ ಸುಮಾರು ಅರ್ಧ ಭಾಗ ಭಾಷೆ, ಸಮಾಜ, ಗಣಿತ, ಮೂಲ ವಿಜ್ಞಾನ. ನರ್ಸಿಂಗ್ ಎಂಬುದು ಉಳಿದರ್ಧ. ಬೇರೆ ವಿಷಯದಲ್ಲಿ ಈಗಾಗಲೇ ಪದವಿ ಇದ್ದವರು ಮೊದಲರ್ಧವನ್ನು ಮತ್ತೆ ಓದಬೇಕಿಲ್ಲ. ಅಲ್ಲಿನ ಕಾಲೇಜುಗಳಿಗೆ ಬೇಸಿಗೆಯಲ್ಲಿ ಉದ್ದನೆಯ ರಜೆ. ಆ ರಜೆಯನ್ನೂ ಕಿತ್ತುಹಾಕಿ ಎರಡು ವರ್ಷದ ಪಾಠವನ್ನು 11ರಿಂದ 18 ತಿಂಗಳಿಗೆ ಇಳಿಸುತ್ತಾರೆ. ಇದಕ್ಕೆ ಆಕ್ಸಲರೇಟೆಡ್ ನರ್ಸಿಂಗ್ ಎಂದು ಹೆಸರು. ಹೊಸದೇನಲ್ಲ, ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲೇ ಇಂಥದ್ದನ್ನು ಶುರುಮಾಡಿತ್ತು. ಕೊನೆಗೆ ಸಿಗುವ ಪದವಿ ಒಂದೇ, ಬರೆಯಬೇಕಾದ ಲೈಸೆನ್ಸ್ ಪರೀಕ್ಷೆ ಒಂದೇ. ಕಡಿತವಾಗುವುದು ಬಿಡುವು ಮಾತ್ರ.

ಆದರೆ ಜಾಹೀರಾತಿನ 16 ತಿಂಗಳು ನಿಜಕ್ಕೂ 16 ತಿಂಗಳಲ್ಲ. ಒಳಗೆ ಕಾಲಿಡುವ ಮೊದಲೇ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರ ಇಷ್ಟನ್ನಾದರೂ ಓದಿ ಒಳ್ಳೆಯ ಅಂಕ ತಂದಿರಬೇಕು. ಎಂದೋ ಓದಿದ್ದೆ ಎಂದರೆ ನಡೆಯುವುದಿಲ್ಲ. ವಿಜ್ಞಾನದ ವಿಷಯಗಳು ಇತ್ತೀಚಿನವೇ ಆಗಿರಬೇಕು ಎಂದು ಅನೇಕ ಕಾಲೇಜುಗಳು ಕೇಳುತ್ತವೆ. ನಮ್ಮ ಹುಡುಗಿ ಕೆಲಸದ ಜೊತೆಗೇ ಸಂಜೆ ಹತ್ತಿರದ ಸಮುದಾಯ ಕಾಲೇಜಿಗೆ ಹೋಗಿ ಇವನ್ನು ಮುಗಿಸಲು ಒಂದು ವರ್ಷ ಹಿಡಿಯಿತು. 16ಕ್ಕೆ 12 ಕೂಡಿಸಿ.

ಇಲ್ಲಿಂದ ಹೋದವರಿಗೆ ಇನ್ನೊಂದು ತೊಡಕು, ನಮ್ಮ ಪದವಿಯನ್ನು ಅಲ್ಲಿ ತೂಗಿ ನೋಡುವುದು. ನಾಲ್ಕು ವರ್ಷದ ಇಂಜಿನಿಯರಿಂಗಿಗೆ ಹೆಚ್ಚು ತಕರಾರಿಲ್ಲ. ನಾನು ಓದಿದಂಥ ಮೂರು ವರ್ಷದ ಬಿ.ಕಾಂ. ಪದವಿಯನ್ನು ಎಲ್ಲ ಕಾಲೇಜುಗಳೂ ಪೂರ್ತಿ ಪದವಿಯೆಂದು ಒಪ್ಪುವುದಿಲ್ಲ. ಮೊದಲೇ ಬರೆದು ಕೇಳಿಕೊಳ್ಳುವುದು ಕ್ಷೇಮ. ಅಂಕಪಟ್ಟಿ ವಿಶ್ವವಿದ್ಯಾಲಯದ ಮೊಹರು ಬಿದ್ದ ಲಕೋಟೆಯಲ್ಲಿ ಹೋಗಬೇಕಿತ್ತು. ಅದಕ್ಕಾಗಿ ನಾನೇ ಕೌಂಟರಿನ ಮುಂದೆ ನಾಲ್ಕು ದಿನ ನಿಂತೆ. "ನಾಳೆ ಬನ್ನಿ" ಎನ್ನುವ ಮಾತು ಕೌಂಟರಿನ ಈಚೆ ನಿಂತಾಗ ಎಷ್ಟು ಬೇರೆಯಾಗಿ ಕೇಳಿಸುತ್ತದೆ! ವೀಸಾ ವಿಚಾರವನ್ನೂ ಮರೆಯಬೇಡಿ. ಎಚ್-4 ವೀಸಾದಲ್ಲಿ ಓದಬಹುದು, ಆದರೆ ದುಡಿಯಲು ಬೇರೆ ಅನುಮತಿ ಬೇಕು. ನಮ್ಮವಳಿಗೆ ಗ್ರೀನ್ ಕಾರ್ಡ್ ಇದ್ದದ್ದರಿಂದ ಆ ಚಿಂತೆ ಇರಲಿಲ್ಲ.

ಕೋರ್ಸ್ ಶುರುವಾದ ಮೇಲೆ ಅವಳ ದಿನ ಹೀಗಿತ್ತು. ವಾರದಲ್ಲಿ ಮೂರು ದಿನ ತರಗತಿ ಮತ್ತು ಪ್ರಯೋಗಾಲಯ, ಎರಡು ದಿನ ಆಸ್ಪತ್ರೆ. ಆಸ್ಪತ್ರೆಯ ಪಾಳಿ 12 ಗಂಟೆಯದು. ಬೆಳಿಗ್ಗೆ ಮುಕ್ಕಾಲು ಏಳಕ್ಕೆ ವಾರ್ಡಿನಲ್ಲಿರಬೇಕು. ದೊಡ್ಡವರ ವಾರ್ಡ್, ಮಕ್ಕಳ ವಾರ್ಡ್, ಹೆರಿಗೆ, ಮಾನಸಿಕ ಆರೋಗ್ಯ, ಊರಿನ ಆರೋಗ್ಯ ಕೇಂದ್ರ ಎಲ್ಲ ಕಡೆಗೂ ಸರದಿಯಂತೆ ಹೋಗಬೇಕು. ಪ್ರಯೋಗಾಲಯದಲ್ಲಿ ರೋಗಿಯಂತೆ ಮಲಗಿಸಿದ ಬೊಂಬೆಗಳಿವೆ. ಅವು ಉಸಿರಾಡುತ್ತವೆ, ನಾಡಿ ಬಡಿಯುತ್ತದೆ, ಗಾಜಿನಾಚೆ ಕೂತ ಮೇಡಂ ಮೈಕಿನಲ್ಲಿ "ಎದೆ ನೋಯ್ತಿದೆ ಸಿಸ್ಟರ್" ಎಂದು ನರಳುತ್ತಾರೆ! ತಪ್ಪು ಮಾಡುವುದಿದ್ದರೆ ಅಲ್ಲೇ ಮಾಡಿ ಮುಗಿಸಲಿ ಎಂದು.

ಮಕ್ಕಳೇ, ಈಗ ಪೆನ್ಸಿಲ್ ತೆಗೆದುಕೊಳ್ಳಿ. 1000 ಮಿಲಿಲೀಟರ್ ಸಲೈನ್ 8 ಗಂಟೆಯಲ್ಲಿ ರೋಗಿಯ ಮೈಗೆ ಹೋಗಬೇಕು. ಡ್ರಿಪ್ ಕೊಳವೆಯಲ್ಲಿ 15 ಹನಿ ಸೇರಿದರೆ 1 ಮಿಲಿಲೀಟರ್. ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು? ಒಟ್ಟು ಹನಿ 1000 × 15 = 15,000. 8 ಗಂಟೆ ಎಂದರೆ 480 ನಿಮಿಷ. ಭಾಗಿಸಿದರೆ 31.25. ಕಾಲು ಹನಿ ಬೀಳಿಸಲು ಬರುವುದಿಲ್ಲವಲ್ಲ, ಆದ್ದರಿಂದ 31. ಈಗ ಬಹಳ ಕಡೆ ಯಂತ್ರವೇ ಅಳೆದು ಬಿಡುತ್ತದೆ. ಆದರೂ ಕೈಲೆಕ್ಕ ಬಾರದವರನ್ನು ವಾರ್ಡಿಗೆ ಬಿಡುವುದಿಲ್ಲ. ಔಷಧದ ಪ್ರಮಾಣದ ಲೆಕ್ಕಕ್ಕೇ ಪ್ರತ್ಯೇಕ ಪರೀಕ್ಷೆ ಇದೆ. ಅದರಲ್ಲಿ 35 ಬಂದರೆ ಪಾಸು ಎಂಬ ಮಾತಿಲ್ಲ. ಹೆಚ್ಚುಕಡಿಮೆ ಎಲ್ಲವೂ ಸರಿಯಿರಬೇಕು. ನಿಮಗೊಂದು ಲೆಕ್ಕ: 500 ಮಿಲಿಲೀಟರ್, 4 ಗಂಟೆ, 20 ಹನಿಯ ಕೊಳವೆ. ನಿಮಿಷಕ್ಕೆಷ್ಟು ಹನಿ? ಉತ್ತರ ಕೊನೆಯಲ್ಲಿದೆ, ಈಗಲೇ ನೋಡಬೇಡಿ.

ಅವಳು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಸೊನ್ನೆಯ ನಿಯಮ. ಅರ್ಧ ಮಿಲಿಗ್ರಾಂ ಎಂದು ಬರೆಯುವಾಗ 0.5 ಎಂದೇ ಬರೆಯಬೇಕು, ಬರೀ .5 ಎಂದು ಬರೆಯುವಂತಿಲ್ಲ. ಚುಕ್ಕೆ ಕಾಣದಿದ್ದರೆ ಅದು 5 ಆಗಿಬಿಡುತ್ತದೆ, ಹತ್ತು ಪಟ್ಟು ಔಷಧ! ಐದು ಎಂದು ಬರೆಯುವಾಗ 5.0 ಎನ್ನಬಾರದು, ಚುಕ್ಕೆ ಮಸುಕಾದರೆ 50. ಬ್ಯಾಂಕಿನಲ್ಲಿ ನಾವು ಚೆಕ್ಕಿನ ಮೇಲೆ ಅಕ್ಷರದಲ್ಲಿ "ಮಾತ್ರ" ಎಂದು ಬರೆಸುವುದು, ಅಂಕಿಯ ಮುಂದೆ ಗೆರೆ ಎಳೆಸುವುದು ಇದೇ ಭಯಕ್ಕೆ. ನಮ್ಮಲ್ಲಿ ಸೊನ್ನೆ ತಪ್ಪಿದರೆ ಸಂಜೆ ಲೆಕ್ಕ ಕೂಡದೆ ರಾತ್ರಿ ಒಂಬತ್ತರವರೆಗೆ ಕೂರುತ್ತಿದ್ದೆವು. ಹುಡುಕಿದರೆ ಸಿಗುತ್ತಿತ್ತು. ವಾರ್ಡಿನಲ್ಲಿ ರಾತ್ರಿ ಒಂಬತ್ತಕ್ಕೆ ಹುಡುಕಿ ಪ್ರಯೋಜನವಿಲ್ಲ. ಈ ಒಂದು ಮಾತು ಕೇಳಿದ ಮೇಲೆ, "ಇಂಜಿನಿಯರ್ ಆದವಳು ನರ್ಸಾ?" ಎಂದು ಮುಖ ತಿರುಗಿಸಿದ್ದ ನನ್ನ ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಅಷ್ಟು ಕಷ್ಟದ್ದಾ?" ಎಂದಳು.

ಕಷ್ಟದ್ದೇ. ಕೋರ್ಸ್ ನಡೆಯುವಾಗ ಬೇರೆ ಕೆಲಸ ಇಟ್ಟುಕೊಳ್ಳಬೇಡಿ ಎಂದು ಕಾಲೇಜುಗಳೇ ಹೇಳುತ್ತವೆ. ಆದ್ದರಿಂದ ಖರ್ಚೆಂದರೆ ಫೀಜು ಮಾತ್ರವಲ್ಲ. ಕೈಬಿಟ್ಟ 16 ತಿಂಗಳ ಸಂಬಳವನ್ನೂ ಅದೇ ಪುಟದಲ್ಲಿ ಬರೆಯಬೇಕು. ಒಂದು ಪದವಿ ಇದ್ದವರಿಗೆ ಅಲ್ಲಿನ ಸರ್ಕಾರದ ಪೆಲ್ ಎಂಬ ಸಹಾಯಧನ ಸಿಗುವುದಿಲ್ಲ. ಸಾಲ ಸಿಕ್ಕರೂ ಸಬ್ಸಿಡಿ ಇಲ್ಲದ ಸಾಲಕ್ಕೆ ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ. ಅಮೆರಿಕ ಸರ್ಕಾರದ 2023ರ ಲೆಕ್ಕದಲ್ಲಿ ನೋಂದಾಯಿತ ನರ್ಸುಗಳಲ್ಲಿ ಅರ್ಧದಷ್ಟು ಜನರ ವಾರ್ಷಿಕ ಸಂಬಳ 86,070 ಡಾಲರಿಗಿಂತ ಮೇಲೆ, ಅರ್ಧದಷ್ಟು ಜನರದು ಕೆಳಗೆ. ಹೊಸಬರಿಗೆ ಸಹಜವಾಗಿ ಕಡಿಮೆ. ನಮ್ಮವಳ ಹಳೆಯ ಸಂಬಳಕ್ಕೆ ಇದು ಸಮವಲ್ಲ. ಸಂಬಳ ಒಂದನ್ನೇ ನೋಡಿ ಹೋಗುವವರಿಗೆ ನಾನು ಸಹಿ ಹಾಕುವುದಿಲ್ಲ.

ಮನೆಯ ಲೆಕ್ಕ ಇನ್ನೂ ಬಿಗಿ. ನೋಡಲು ಹೋಗುವ ಹಿರಿಯರಿಗೆ ಅಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ತಂಗಿ ಮತ್ತು ಭಾವನವರದು ಮೊದಲ ಪಾಳಿ, ಬೀಗರದು ಎರಡನೆಯದು. ಆರು ಆರು ಹನ್ನೆರಡು, ಉಳಿದ ನಾಲ್ಕು ತಿಂಗಳು ಅಳಿಯಂದಿರೇ ಡಬ್ಬಿ ಕಟ್ಟಿ, ಜಡೆ ಹಾಕಿ ನಿಭಾಯಿಸಿದರು. ಜಡೆ ನೋಡಿ ವಿಡಿಯೋದಲ್ಲಿ ನಾವೆಲ್ಲ ನಕ್ಕೆವು. ನಗು ಬಾರದ ದಿನಗಳೂ ಇದ್ದವು. ಒಂಬತ್ತು ವರ್ಷದ ದೊಡ್ಡವಳು ಶಾಲೆಯ ನಾಟಕದಲ್ಲಿ ಮರವಾಗಿದ್ದಳು; ಅವತ್ತು ಅಮ್ಮನಿಗೆ ಪರೀಕ್ಷೆ. ಅವಳು ಎರಡು ದಿನ ಅಮ್ಮನ ಜೊತೆ ಮಾತಾಡಲಿಲ್ಲ. ಒಂದು ವಿಷಯದಲ್ಲಿ ಫೇಲಾದರೂ ತಂಡದಿಂದ ಹಿಂದೆ ಬೀಳಬೇಕಾಗುತ್ತದೆ ಎಂಬುದನ್ನು ಮಗುವಿಗೆ ಹೇಗೆ ವಿವರಿಸುವುದು? ಇವಳ ತರಗತಿಯಲ್ಲೇ, ಕಂಕುಳಲ್ಲಿ ಕೂಸಿದ್ದ ಒಬ್ಬಾಕೆ ಮೂರನೆಯ ತಿಂಗಳಲ್ಲಿ ಬಿಟ್ಟುಹೋದಳು. ಸಣ್ಣ ಮಕ್ಕಳಿದ್ದು ಮನೆಯಲ್ಲಿ ಕೈ ಜೋಡಿಸುವವರಿಲ್ಲದಿದ್ದರೆ ಈ ವೇಗ ಬೇಡ ಎಂಬುದು ನನ್ನ ಅಭಿಪ್ರಾಯ. ಸಮುದಾಯ ಕಾಲೇಜುಗಳ ಎರಡು ವರ್ಷದ ಕೋರ್ಸ್ ಮುಗಿಸಿದವರೂ ಅದೇ ಲೈಸೆನ್ಸ್ ಪರೀಕ್ಷೆಗೆ ಕೂರಬಹುದು. ಪದವಿಯನ್ನು ಆಮೇಲೆ ಪಡೆಯಬಹುದು.

ಆ ಪರೀಕ್ಷೆಯ ಹೆಸರು ಎನ್‌ಕ್ಲೆಕ್ಸ್. ಕಂಪ್ಯೂಟರ್ ಮುಂದೆ ಐದು ಗಂಟೆಯ ಅವಧಿ. ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಠಿಣ, ತಪ್ಪಿದರೆ ಸ್ವಲ್ಪ ಸುಲಭ. ಹೀಗೆ ತೂಗುತ್ತಾ, ಈಕೆ ಗೆರೆಯ ಮೇಲೋ ಕೆಳಗೋ ಎಂದು ಖಾತ್ರಿಯಾದ ಕೂಡಲೇ ಯಂತ್ರ ನಿಂತುಬಿಡುತ್ತದೆ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150. 85ಕ್ಕೇ ನಿಂತರೆ ಪಾಸೂ ಇರಬಹುದು, ಫೇಲೂ ಇರಬಹುದು. ನಮ್ಮವಳಿಗೆ 85ಕ್ಕೇ ನಿಂತಿತು. ಫಲಿತಾಂಶ ಬರುವವರೆಗಿನ ಎರಡು ದಿನ ನನ್ನ ತಂಗಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಪಾಸಾದಳು. ಈಗ ಮಕ್ಕಳ ವಾರ್ಡಿನಲ್ಲಿ ರಾತ್ರಿ ಪಾಳಿ.

ನಮ್ಮಲ್ಲಿ ಬೇರೆ ಪದವಿ ಮುಗಿಸಿದವರಿಗೆ ಇಂಥ ಅಡ್ಡದಾರಿ ಇಲ್ಲ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಅದಕ್ಕೆ ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಇರಬೇಕು. ಕಲೆ, ವಾಣಿಜ್ಯ ಓದಿದವರೂ ಮೂರು ವರ್ಷದ ಜಿ.ಎನ್.ಎಂ. ಸೇರಬಹುದು, ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಎಸ್ಸೆಸ್ಸೆಲ್ಸಿ ಮುಗಿಸಿ ವಿಷಯ ಆರಿಸಿಕೊಳ್ಳುವ ಮಕ್ಕಳು ಇದನ್ನು ಆಗಲೇ ತಿಳಿದಿರಬೇಕು. ಎನ್‌ಕ್ಲೆಕ್ಸ್ ಬರೆಯಲು ಅಮೆರಿಕಕ್ಕೇ ಹೋಗಬೇಕೆಂದೂ ಇಲ್ಲ, ಬೆಂಗಳೂರಿನಲ್ಲೂ ಕೇಂದ್ರವಿದೆ.

ಪಾಳಿಗೆ ಹೊರಟಿರುವ ಅಜ್ಜಿಯರಿಗೆ ನನ್ನ ತಂಗಿಯ ಸಲಹೆ ಎರಡು. ಸೊಸೆ ಅಥವಾ ಮಗಳು ಆಸ್ಪತ್ರೆಯಿಂದ ಬಂದು ಸ್ನಾನ ಮುಗಿಸುವವರೆಗೆ ಮಕ್ಕಳನ್ನು ಅವಳ ಹತ್ತಿರ ಬಿಡಬೇಡಿ. ಊಟವಾದ ಮೇಲೆ ಇವತ್ತು ಏನು ಕಲಿತೆ ಎಂದು ಕೇಳಿ, ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ.

(ಉತ್ತರ: 500 × 20 = 10,000 ಹನಿ; 4 ಗಂಟೆ = 240 ನಿಮಿಷ; ಭಾಗಿಸಿದರೆ 41.66. ಅರ್ಧಕ್ಕಿಂತ ಹೆಚ್ಚಿರುವುದರಿಂದ 42 ಹನಿ.)