ಕನ್ನಡ ಅಧ್ಯಯನ ಮತ್ತು ಲ್ಯಾಪ್‌ಟಾಪಿನ ಸ್ಮೃತಿ

ಗಣಕಯಂತ್ರವು ಸಾಹಿತ್ಯ ಹಾಗೂ ಶಾಸನಗಳ ಅಧ್ಯಯನಕ್ಕೂ ಅನಿವಾರ್ಯ ಉಪಕರಣವಾಗಿ ಪರಿಣಮಿಸಿದೆ. ಹೊಸ ಲ್ಯಾಪ್‌ಟಾಪ್ ಕೊಳ್ಳಹೊರಟ ವಿದ್ಯಾರ್ಥಿಯನ್ನು ಮೊದಲು ಕಾಡುವುದು ಸ್ಮೃತಿಯ ಪ್ರಶ್ನೆ: 8 ಜಿಬಿ ಸಾಕೇ, 16 ಬೇಕೇ, ಅಥವಾ 32 ಇರಬೇಕೇ? ಸ್ಮೃತಿಯೆಂದರೆ ಇಲ್ಲಿ ವ್ಯವಹಾರದಲ್ಲಿ ರ‍್ಯಾಮ್ ಎಂದು ಹೆಸರಾದ ತಾತ್ಕಾಲಿಕ ಸ್ಮೃತಿ. ಕಡತಗಳು ಉಳಿಯುವ ಡಿಸ್ಕನ್ನು ಪುಸ್ತಕದ ಕಪಾಟಿಗೆ ಹೋಲಿಸುವುದಾದರೆ, ಇದು ಓದುವ ಮೇಜು. ಯಂತ್ರವನ್ನು ಆರಿಸಿದೊಡನೆ ಬರಿದಾಗುತ್ತದೆ. ಮೇಜಿನ ಅಗಲವನ್ನು ಅದರ ಮೇಲೆ ಏಕಕಾಲಕ್ಕೆ ಹರಡುವ ಸಾಮಗ್ರಿ ನಿರ್ಧರಿಸಬೇಕೇ ಹೊರತು ಮಾರಾಟಗಾರನ ಮಾತಲ್ಲ.

ಮೊದಲಿಗೆ ಬರಹದ ಗಾತ್ರವನ್ನು ಗಮನಿಸೋಣ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂಬ 5 ಸಂಕೇತಗಳಿರುವುದರಿಂದ ಅದಕ್ಕೆ 15 ಬೈಟ್. ಪುಟವೊಂದಕ್ಕೆ 1,500 ಸಂಕೇತಗಳೆಂದು ಭಾವಿಸಿದರೆ, 400 ಪುಟಗಳ ಗ್ರಂಥದ ಬರಹ 18 ಲಕ್ಷ ಬೈಟ್, ಅಂದರೆ 2 ಎಂಬಿಗಿಂತಲೂ ಕಡಿಮೆ. ಕೇವಲ ಬರಹದ ಸಲುವಾಗಿ ಯಾರೂ ದುಬಾರಿ ಯಂತ್ರ ಕೊಳ್ಳಬೇಕಾಗಿಲ್ಲ.

ಚಿತ್ರಗಳ ಲೆಕ್ಕ ಬೇರೆ. ನಾಗಪುರದ ನಿದರ್ಶನವನ್ನೇ ನೋಡಬಹುದು. ಆ ಊರಿನ ಹೆಸರಿನ ಅತಿ ಪ್ರಾಚೀನ ಉಲ್ಲೇಖವೆಂದು ಪರಿಗಣಿತವಾಗಿರುವುದು ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ತಾಮ್ರಶಾಸನದಲ್ಲಿದೆ. ಅದರ ಕಾಲ ಶಕ 862, ಅಂದರೆ ಕ್ರಿ.ಶ. 940. ಕನ್ನಡ ನಾಡಿನ ಚರಿತ್ರೆಯನ್ನು ವಿದರ್ಭದೊಡನೆ ಬೆಸೆಯುವ ಇಂಥ ಶಾಸನವನ್ನು ನಾಗಪುರದಲ್ಲಿದ್ದು ಅಭ್ಯಸಿಸುವ ಕನ್ನಡ ವಿದ್ಯಾರ್ಥಿಗೆ ಪಾಠದೊಂದಿಗೆ ಅದರ ಛಾಯಾಪ್ರತಿಯೂ ಬೇಕಾಗುತ್ತದೆ. ಎ4 ಅಳತೆಯ ಪುಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ, ಅಡ್ಡಕ್ಕೆ 2,480, ಉದ್ದಕ್ಕೆ 3,508 ಬಿಂದುಗಳಾಗುತ್ತವೆ. ಬಿಂದುವಿಗೆ 3 ಬೈಟಿನಂತೆ ಒಟ್ಟು ಸುಮಾರು 26 ಎಂಬಿ. ಡಿಸ್ಕಿನಲ್ಲಿ ಅಡಕವಾಗಿ ಕುಳಿತ ಚಿತ್ರವೂ ಪೂರ್ಣ ಪ್ರಮಾಣದಲ್ಲಿ ತೆರೆದಾಗ ಸ್ಮೃತಿಯಲ್ಲಿ ಇಷ್ಟು ಸ್ಥಳವನ್ನು ಆಕ್ರಮಿಸುತ್ತದೆ. ಮೇಲೆ ಹೇಳಿದ ಇಡೀ ಗ್ರಂಥದ ಬರಹಕ್ಕಿಂತ ಒಂದೇ ಪುಟದ ಚಿತ್ರ ಹದಿನಾಲ್ಕು ಪಟ್ಟು ದೊಡ್ಡದು! ಇಂಥ 40 ಪುಟಗಳನ್ನು ಒಟ್ಟಿಗೆ ತೆರೆದರೆ 1 ಜಿಬಿ ಮೀರುತ್ತದೆ.

ಇದಕ್ಕೆ ಯಂತ್ರದ ಸ್ವಂತ ವೆಚ್ಚವನ್ನೂ ಸೇರಿಸಬೇಕು. ವಿಂಡೋಸ್ 11 ಬಯಸುವ ಕನಿಷ್ಠ ಸ್ಮೃತಿಯೇ 4 ಜಿಬಿ. ಬ್ರೌಸರಿನಲ್ಲಿ ತೆರೆದಿಡುವ ಪುಟಗಳೂ ತಮ್ಮ ಪಾಲನ್ನು ಕೇಳುತ್ತವೆ. ಸ್ಮೃತಿ ಸಾಲದಾದಾಗ ಯಂತ್ರವು ಡಿಸ್ಕಿನ ಒಂದು ಭಾಗವನ್ನು ಮೇಜಿನಂತೆ ಬಳಸತೊಡಗುತ್ತದೆ. ಡಿಸ್ಕಿನ ವೇಗ ಕಡಿಮೆಯಾದ್ದರಿಂದ ಕೆಲಸ ಕುಂಟುತ್ತದೆ. ಆದರೆ ಬೇಕಾದಷ್ಟು ದೊರೆತ ಮೇಲೆ ಇನ್ನೂ ಹೆಚ್ಚಿಸಿದರೆ ವೇಗ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ ಎಂಬುದೂ ಅಷ್ಟೇ ನಿಜ.

ಆದುದರಿಂದ ಪ್ರಬಂಧ ಬರೆಯುವುದು, ಓದುವುದು, ಅಂತರಜಾಲವನ್ನು ಮಿತವಾಗಿ ಬಳಸುವುದು ಇಷ್ಟೇ ಉದ್ದೇಶವಾದರೆ 8 ಜಿಬಿ ಸಾಕು. ಶಾಸನ, ಹಸ್ತಪ್ರತಿಗಳ ಚಿತ್ರಗಳನ್ನು ಬರಹದೊಂದಿಗೆ ತೆರೆದಿಟ್ಟು ಹೋಲಿಸುವವರಿಗೆ 16 ಜಿಬಿ ಯೋಗ್ಯ. 32 ಜಿಬಿಯು ದೃಶ್ಯಸಂಕಲನದಂಥ ಭಾರಿ ಕಾರ್ಯಗಳಿಗೆ ಮೀಸಲು. ಸಂದೇಹವಿದ್ದಲ್ಲಿ, ಈಗ ಬಳಸುತ್ತಿರುವ ಯಂತ್ರದಲ್ಲಿ ನಿತ್ಯದ ಕೆಲಸ ನಡೆದಿರುವಾಗಲೇ ‘ಟಾಸ್ಕ್ ಮ್ಯಾನೇಜರ್’ ತೆರೆದು ಎಷ್ಟು ಸ್ಮೃತಿ ವ್ಯಯವಾಗುತ್ತಿದೆಯೆಂದು ಕೆಲವು ದಿನ ಪರಿಶೀಲಿಸುವುದು ಒಳ್ಳೆಯದು.

ಕೊಳ್ಳುವ ಮುನ್ನ ಸ್ಮೃತಿಯನ್ನು ಮುಂದೆ ಹೆಚ್ಚಿಸಲು ಸಾಧ್ಯವೇ ಎಂದು ವಿಚಾರಿಸತಕ್ಕದ್ದು. ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೆಸುಗೆ ಹಾಕಿರುವುದರಿಂದ ಮೊದಲ ಆಯ್ಕೆಯೇ ಕೊನೆಯ ಆಯ್ಕೆಯಾಗುತ್ತದೆ. ಸೇರಿಸಲು ಅವಕಾಶವಿದ್ದರೆ ಈಗ 8 ಜಿಬಿ ಕೊಂಡು, ಅಗತ್ಯ ಬಿದ್ದಾಗ ವಿಸ್ತರಿಸಬಹುದು. ಹೀಗೆ ಉಳಿದ ಹಣದಲ್ಲಿ ಪ್ರತ್ಯೇಕ ಡಿಸ್ಕೊಂದನ್ನು ಪಡೆದು ಪ್ರಬಂಧದ ಮರುಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು. ರ‍್ಯಾಮ್ ಎಷ್ಟೇ ದೊಡ್ಡದಿರಲಿ, ವರ್ಷಗಳ ಟಿಪ್ಪಣಿಗಳನ್ನು ಕಾಯುವ ಹೊಣೆ ಅದರದಲ್ಲ.