ಹಸಿವು ಹತೋಟಿಯಲ್ಲಿರುವಾಗಲೇ ಅಭ್ಯಾಸ ಬೇರೂರಲಿ

ತೂಕ ಇಳಿಸುವ ಚುಚ್ಚುಮದ್ದು ನಮ್ಮ ನಗರಗಳ ಮಧ್ಯಮವರ್ಗದ ಮನೆಗಳಲ್ಲಿ ಈಗ ನಿತ್ಯದ ಚರ್ಚೆಯ ವಿಷಯ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಔಷಧವು ‘ಮೌಂಜಾರೊ’ ಹೆಸರಿನಲ್ಲಿಯೂ, ಅದೇ ವರ್ಷದ ಜೂನ್‌ನಲ್ಲಿ ಸೆಮಾಗ್ಲುಟೈಡ್ ‘ವೆಗೋವಿ’ ಹೆಸರಿನಲ್ಲಿಯೂ ಭಾರತದ ಮಾರುಕಟ್ಟೆಯನ್ನು ಪ್ರವೇಶಿಸಿದವು. ಆರಂಭದಲ್ಲಿ ಮೌಂಜಾರೊದ 5 ಮಿಲಿಗ್ರಾಂ ಸೀಸೆಯೊಂದರ ಬೆಲೆ 4,375 ರೂಪಾಯಿ ಇತ್ತು. ವಾರಕ್ಕೊಂದರಂತೆ ತಿಂಗಳಿಗೆ 17,500 ರೂಪಾಯಿ. ಆದರೆ ಸೆಮಾಗ್ಲುಟೈಡ್‌ಗೆ ನಮ್ಮ ದೇಶದಲ್ಲಿದ್ದ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ ಮಾತ್ರ. ಪೇಟೆಂಟ್ ಕಳಚಿದ ಔಷಧವನ್ನು ಹಲವು ಕಂಪನಿಗಳು ತಯಾರಿಸತೊಡಗಿದಾಗ ಬೆಲೆ ಇಳಿಯುವುದು ಅರ್ಥಶಾಸ್ತ್ರದ ಸರಳ ಪಾಠ. ಹೀಗಾಗಿ ‘ಇದು ಯಾರ ಕೈಗೆಟುಕುತ್ತದೆ’ ಎಂಬ ಪ್ರಶ್ನೆಗಿಂತ, ‘ಕೈಗೆಟುಕಿದ ಮೇಲೆ ನಾವೇನು ಮಾಡುತ್ತೇವೆ’ ಎಂಬ ಪ್ರಶ್ನೆಯೇ ಹೆಚ್ಚು ಮುಖ್ಯವಾಗುತ್ತದೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸ್ಥೂಲಕಾಯವು ಸೋಮಾರಿತನದ ಫಲವೆಂದು ಮೂದಲಿಸುವ ನಮ್ಮ ಹಳೆಯ ಚಾಳಿಗೆ ವೈದ್ಯವಿಜ್ಞಾನದ ಆಧಾರವಿಲ್ಲ. ಅನುವಂಶೀಯತೆ, ಹಾರ್ಮೋನು, ನಿದ್ರೆ, ದುಡಿಮೆಯ ಸ್ವರೂಪ ಎಲ್ಲವೂ ಅದರಲ್ಲಿ ಸೇರಿವೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ನೀಡಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಹೊಟ್ಟೆಯ ಭಾಗದ ಬೊಜ್ಜು ಇರುವವರು 35.1 ಕೋಟಿ. ಇಂತಹ ಹೊರೆಯ ಮುಂದೆ ಪರಿಣಾಮಕಾರಿ ಔಷಧವೊಂದನ್ನು ‘ಅಡ್ಡದಾರಿ’ ಎಂದು ತಳ್ಳಿಹಾಕುವುದು ವಿವೇಕವಲ್ಲ.

ಔಷಧದ ಪರಿಣಾಮವೇನೂ ಸಣ್ಣದಲ್ಲ. 2021ರಲ್ಲಿ ಪ್ರಕಟವಾದ ‘ಸ್ಟೆಪ್-1’ ಅಧ್ಯಯನದಲ್ಲಿ 1,961 ವಯಸ್ಕರು ಭಾಗವಹಿಸಿದ್ದರು. 68 ವಾರಗಳ ಬಳಿಕ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ 14.9ರಷ್ಟು ಇಳಿದರೆ, ಔಷಧರಹಿತ ಚುಚ್ಚುಮದ್ದು ಪಡೆದವರಲ್ಲಿ ಇಳಿದದ್ದು ಶೇ 2.4 ಮಾತ್ರ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಎರಡೂ ಗುಂಪಿನವರಿಗೆ ಆಹಾರ ಮತ್ತು ವ್ಯಾಯಾಮದ ಸಲಹೆ ನಿರಂತರವಾಗಿ ದೊರೆಯುತ್ತಿತ್ತು. ಜಾಹೀರಾತುಗಳು ಎತ್ತಿ ತೋರಿಸುವ ಅಂಕಿಯ ಹಿಂದೆ ಈ ಶಿಸ್ತೂ ಇತ್ತು. ಇದೇ ಅಧ್ಯಯನದ ಮುಂದುವರಿದ ಭಾಗ 2022ರಲ್ಲಿ ಹೊರಬಂತು. ಔಷಧವೂ ಸಲಹೆಯೂ ನಿಂತ ಒಂದು ವರ್ಷದಲ್ಲಿ, ಇಳಿದಿದ್ದ ತೂಕದ ಮೂರನೆಯ ಎರಡು ಪಾಲು ಮರಳಿ ಬಂದಿತ್ತು.

ಸರ್ಕಾರಿ ಸೇವೆಯ ದಿನಗಳಲ್ಲಿ ನಾನು ಪದೇ ಪದೇ ಕಂಡ ಸಂಗತಿಯೊಂದು ಇದನ್ನು ನೆನಪಿಗೆ ತರುತ್ತದೆ. ಕೆರೆಯ ಹೂಳೆತ್ತಲು ಬಂಡವಾಳ ವೆಚ್ಚ ಮಂಜೂರಾಗುತ್ತದೆ. ನಿರ್ವಹಣೆಗೆ ಹಣ ಕಾದಿರಿಸುವುದಿಲ್ಲ. ಮೇಲ್ಭಾಗದ ಮಣ್ಣು ಕೊಚ್ಚಿ ಬರುವುದನ್ನು ತಡೆಯದೆ ಹೋದರೆ ಕೆಲವೇ ಮಳೆಗಾಲಗಳಲ್ಲಿ ಹೂಳು ಮತ್ತೆ ತುಂಬುತ್ತದೆ. ಚುಚ್ಚುಮದ್ದು ಹೂಳೆತ್ತುವ ಕೆಲಸ, ಅಭ್ಯಾಸವೇ ನಿರ್ವಹಣೆ.

ಡೆನ್ಮಾರ್ಕ್‌ನ ಅಧ್ಯಯನವೊಂದು ಈ ಮಾತನ್ನು ಬೆಂಬಲಿಸುತ್ತದೆ. ಅಲ್ಲಿ ಬಳಸಿದ್ದು ಇದೇ ವರ್ಗದ ಹಳೆಯ ಔಷಧವಾದ ಲಿರಾಗ್ಲುಟೈಡ್. ಚಿಕಿತ್ಸೆ ನಿಂತ ಒಂದು ವರ್ಷದ ಬಳಿಕ ನೋಡಿದಾಗ, ಬರೀ ಔಷಧ ಪಡೆದವರಿಗಿಂತ, ಔಷಧದೊಂದಿಗೆ ಮೇಲ್ವಿಚಾರಣೆಯಲ್ಲಿ ವ್ಯಾಯಾಮವನ್ನೂ ಮಾಡಿದವರು ಇಳಿದ ತೂಕವನ್ನು ಹೆಚ್ಚಾಗಿ ಉಳಿಸಿಕೊಂಡಿದ್ದರು.

ನನ್ನ ವಯಸ್ಸಿನವರಿಗೆ ಇನ್ನೊಂದು ಆತಂಕವಿದೆ. ಇಳಿಯುವುದೆಲ್ಲ ಕೊಬ್ಬಲ್ಲ, ಅದರ ಗಣನೀಯ ಪಾಲು ಸ್ನಾಯುವೂ ಆಗಿರಬಹುದು. ನಿವೃತ್ತ ಸಹೋದ್ಯೋಗಿಯೊಬ್ಬರು ಎಂಟು ತಿಂಗಳಲ್ಲಿ ಹನ್ನೆರಡು ಕಿಲೋ ಇಳಿಸಿದರು. ಸಕ್ಕರೆಯ ಪ್ರಮಾಣ ಹತೋಟಿಗೆ ಬಂತು, ಎಲ್ಲರೂ ಅಭಿನಂದಿಸಿದೆವು. ಆದರೆ ಹಸಿವಿಲ್ಲವೆಂದು ಬೆಳಿಗ್ಗೆ ಕಾಫಿ, ರಾತ್ರಿ ಅರ್ಧ ಬಟ್ಟಲು ಮೊಸರನ್ನದಲ್ಲಿಯೇ ದಿನ ಕಳೆಯುತ್ತಿದ್ದ ಅವರಿಗೆ, ಮಹಡಿಯ ಮೆಟ್ಟಿಲೇರಲು ಕಂಬಿಯ ಆಸರೆ ಬೇಕಾಯಿತು. ಅರವತ್ತು ದಾಟಿದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಕ್ಕಡಿಯ ಮುಳ್ಳು ಇಳಿದದ್ದರಿಂದ ಸಮಾಧಾನ ಸಿಗದು. ವೈದ್ಯರು ಅವರಿಗೆ ಕಾಳು, ಮೊಟ್ಟೆ ಮತ್ತು ಸ್ನಾಯುಬಲದ ವ್ಯಾಯಾಮವನ್ನು ಔಷಧದಷ್ಟೇ ಕಟ್ಟುನಿಟ್ಟಾಗಿ ವಿಧಿಸಿದ್ದಾರೆ.

ಹಾಗಾದರೆ ಯಾವ ಅಭ್ಯಾಸ? ನಮ್ಮ ಊಟದಲ್ಲಿ ಅನ್ನ ಹೆಚ್ಚು, ಪಲ್ಯ ಕಡಿಮೆ, ಕಾಳು ನೆಪಮಾತ್ರ. ಹೊಟ್ಟೆ ಬೇಗ ತುಂಬುವ ಈ ಅವಧಿಯಲ್ಲಿ ತಟ್ಟೆಯ ಕ್ರಮವನ್ನೇ ಬದಲಿಸಬೇಕು. ಮೊದಲು ಹೆಸರುಕಾಳಿನ ಉಸಲಿ, ಕೋಸಂಬರಿ, ಮೊಸರು, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು. ಬಳಿಕ ಅನ್ನ ಅಥವಾ ಮುದ್ದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆರೋಗ್ಯವಂತ ವಯಸ್ಕರಿಗೆ ಸೂಚಿಸಿರುವ ಪ್ರೋಟೀನ್ ಪ್ರಮಾಣ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ತಮ್ಮ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಈ ಔಷಧಗಳಿಂದ ಸಾಮಾನ್ಯವಾಗಿ ಉಂಟಾಗುವ ವಾಕರಿಕೆ, ಮಲಬದ್ಧತೆಗಳಿಗೂ ಸ್ವಲ್ಪಸ್ವಲ್ಪವಾಗಿ ಉಣ್ಣುವುದು, ಎಣ್ಣೆತಿಂಡಿ ತ್ಯಜಿಸುವುದು, ನಾರಿನಂಶ ಮತ್ತು ನೀರಿಗೆ ಗಮನ ಕೊಡುವುದು ನೆರವಾಗುತ್ತವೆ.

ವ್ಯಾಯಾಮದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನೂ, ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳುತ್ತದೆ. ನಾವು ಉದ್ಯಾನದ ನಡಿಗೆಗೆ ಒಗ್ಗಿದ್ದೇವೆ, ಎರಡನೆಯದನ್ನು ಮರೆತಿದ್ದೇವೆ. ಅದಕ್ಕೆ ದುಬಾರಿ ಜಿಮ್ ಅನಿವಾರ್ಯವಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ದಂಡ ತೆಗೆಯುವುದು ಒಳ್ಳೆಯ ಆರಂಭ.

ಅಭ್ಯಾಸ ಕೂಡಿಬಂದರೆ ಔಷಧ ಬೇಡವೆಂದು ನನ್ನ ವಾದವಲ್ಲ. ರಕ್ತದೊತ್ತಡದ ಮಾತ್ರೆಯಂತೆ ಇದೂ ಹಲವರಿಗೆ ದೀರ್ಘಕಾಲ ಬೇಕಾಗಬಹುದು. ಆರಂಭಿಸುವುದೂ ನಿಲ್ಲಿಸುವುದೂ ವೈದ್ಯರ ನಿರ್ಧಾರದಂತೆಯೇ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಡಿಸೆಂಬರ್‌ನಲ್ಲಿ ಈ ಔಷಧಗಳಿಗೆ ಷರತ್ತುಬದ್ಧ ಶಿಫಾರಸು ನೀಡುವಾಗ, ಆಹಾರ ಮತ್ತು ದೈಹಿಕ ಚಟುವಟಿಕೆಯ ನೆರವನ್ನು ಜೊತೆಗಿಟ್ಟೇ ಮಾತನಾಡಿದೆ.

ಔಷಧ ಅಗ್ಗವಾದಷ್ಟೂ ಅದನ್ನು ಬರೆದುಕೊಡುವ ಸಮಾಲೋಚನೆ ಚುಟುಕಾಗುವ ಅಪಾಯವಿದೆ. ಆದ್ದರಿಂದ ಚೀಟಿಯಲ್ಲಿ ಔಷಧದ ಹೆಸರಿನ ಕೆಳಗೆ ಆಹಾರದ ಕ್ರಮ, ವ್ಯಾಯಾಮದ ಕ್ರಮ ಮತ್ತು ಮರುಭೇಟಿಯ ದಿನಾಂಕವೂ ಇರಬೇಕೆಂದು ಕೇಳುವ ಹಕ್ಕನ್ನು ರೋಗಿಗಳು ಚಲಾಯಿಸಬೇಕು. ಹಸಿವು ಕಾಡದಿರುವ ಕೆಲವು ತಿಂಗಳುಗಳು ಹೊಸ ಅಭ್ಯಾಸ ಬೆಳೆಸಲು ದೊರೆತ ಅಪರೂಪದ ಕಾಲಾವಕಾಶ. ಹಣ ಕೊಟ್ಟು ಪಡೆದ ಆ ಕಾಲವನ್ನು ತಕ್ಕಡಿ ನೋಡುವುದರಲ್ಲೇ ಕಳೆದರೆ ನಷ್ಟ ನಮ್ಮದೇ.